ಆಸ್ಟ್ರೇಲಿಯಾವೋ ದಕ್ಷಿಣ ಆಫ್ರಿಕಾವೋ: ಗಾಲ್ಫ್ ಆಟಗಾರರ ಲೆಕ್ಕ ಹಾಕುವ ಬಗೆ

ಆಸ್ಟ್ರೇಲಿಯಾ ಮತ್ತು ದಕ್ಷಿಣ ಆಫ್ರಿಕಾಗಳ ಹೆಸರನ್ನು ಒಟ್ಟಿಗೆ ಹೇಳಿದರೆ ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ನಿಂತ ಯಾರಿಗೇ ಆಗಲಿ ಮೊದಲು ನೆನಪಾಗುವುದು ಕ್ರಿಕೆಟ್. 1999ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಕ್ಲೂಸ್ನರ್ ಓಡಿ, ಡೊನಾಲ್ಡ್ ಓಡದೆ ನಿಂತು, ಟೈ ಆದ ಪಂದ್ಯದಿಂದ ಆಸ್ಟ್ರೇಲಿಯಾ ಫೈನಲ್ ತಲುಪಿದ್ದು. 2006ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಆಸ್ಟ್ರೇಲಿಯಾ ಗಳಿಸಿದ 434 ರನ್ನುಗಳನ್ನು ದಕ್ಷಿಣ ಆಫ್ರಿಕಾ ಬೆನ್ನಟ್ಟಿ ಗೆದ್ದದ್ದು. 2025ರ ಜೂನ್‌ನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಅದೇ ದಕ್ಷಿಣ ಆಫ್ರಿಕಾ ಆಸ್ಟ್ರೇಲಿಯಾವನ್ನು ಮಣಿಸಿ ವಿಶ್ವ ಟೆಸ್ಟ್ ಚಾಂಪಿಯನ್ ಆದದ್ದು, ಇವು ಯಾವುವನ್ನೂ ವಿನಯ್ ಕುಮಾರ್ ಅವರ ಊರಿನಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ಎರಡು ದೇಶಗಳ ಪೈಪೋಟಿ ಕ್ರಿಕೆಟ್ಟಿನಷ್ಟೇ ಬಿರುಸಾಗಿ ಗಾಲ್ಫ್‌ನಲ್ಲಿಯೂ ನಡೆದುಬಂದಿದೆ ಎಂಬುದು ನಮ್ಮ ಕಡೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ವೃತ್ತಿಪರ ಗಾಲ್ಫ್ ಆಟಗಾರರನ್ನು ಹೆಚ್ಚು ಚೆನ್ನಾಗಿ ಬೆಳೆಸಿದ ದೇಶ ಇವೆರಡರಲ್ಲಿ ಯಾವುದು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಒಂದು ಸಾಲಿನ ಉತ್ತರದಲ್ಲಿ ಮುಗಿಯುವಂತೆ ಕಾಣುತ್ತದೆ. ಲೆಕ್ಕಕ್ಕೆ ಕೂತಾಗ ಮಾತ್ರ, ಯಾವ ಪಟ್ಟಿಯನ್ನು ಕೈಗೆತ್ತಿಕೊಂಡೆವು ಎಂಬುದರ ಮೇಲೆ ಗೆದ್ದವರು ಬದಲಾಗುತ್ತಾ ಹೋಗುತ್ತಾರೆ.

ನಮ್ಮಲ್ಲಿ ಅನೇಕರು ಗಾಲ್ಫ್ ಆಟವನ್ನು ಮೊದಲ ಬಾರಿಗೆ ಕೂತು ನೋಡಿದ್ದು 2021ರ ಆಗಸ್ಟ್‌ನಲ್ಲಿ, ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪದಕಕ್ಕೆ ಒಂದೇ ಹೆಜ್ಜೆ ಹಿಂದೆ ನಾಲ್ಕನೆಯವರಾಗಿ ಮುಗಿಸಿದ ಶನಿವಾರದ ಬೆಳಿಗ್ಗೆ. ಆ ದಿನ ನೋಡಿದವರಿಗೆ ಆಟದ ನಿಯಮ ನೆನಪಿರಬಹುದು. ಇಲ್ಲದವರಿಗೆ ಇಷ್ಟು ಸಾಕು. ಒಂದು ಮೈದಾನದಲ್ಲಿ 18 ಕುಳಿಗಳು, ಪ್ರತಿ ಕುಳಿಗೂ ಇಷ್ಟು ಹೊಡೆತದಲ್ಲಿ ಚೆಂಡು ಸೇರಬೇಕೆಂಬ ನಿಗದಿ. ಆ ನಿಗದಿಯ ಹೆಸರು ಪಾರ್. ಒಂದು ಹೊಡೆತ ಉಳಿಸಿದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ. ದೊಡ್ಡ ಪಂದ್ಯಾವಳಿಗಳು ನಾಲ್ಕು ದಿನ ನಡೆಯುತ್ತವೆ, ಎರಡು ದಿನ ಕಳೆದ ಮೇಲೆ ಹಿಂದುಳಿದವರನ್ನು ಮನೆಗೆ ಕಳುಹಿಸಲಾಗುತ್ತದೆ, ಕೊನೆಗೆ ಒಟ್ಟು ಹೊಡೆತ ಯಾರದ್ದು ಕಡಿಮೆಯೋ ಅವರು ಗೆದ್ದಂತೆ. ವರ್ಷವಿಡೀ ವಾರಕ್ಕೊಂದರಂತೆ ಪಂದ್ಯಾವಳಿಗಳು ನಡೆದರೂ, ಗಂಡಸರ ಆಟದಲ್ಲಿ ಚರಿತ್ರೆ ಲೆಕ್ಕಕ್ಕಿಟ್ಟುಕೊಳ್ಳುವುದು ನಾಲ್ಕನ್ನು ಮಾತ್ರ: ಅಮೆರಿಕದ ಆಗಸ್ಟಾದಲ್ಲಿ ನಡೆಯುವ ಮಾಸ್ಟರ್ಸ್, ಪಿಜಿಎ ಚಾಂಪಿಯನ್‌ಷಿಪ್, ಯುಎಸ್ ಓಪನ್ ಮತ್ತು ಬ್ರಿಟಿಷ್ ಓಪನ್. ಇವನ್ನು ಮೇಜರ್‌ಗಳೆನ್ನುತ್ತಾರೆ. ಗಾಲ್ಫ್ ಬಲ್ಲವರ ನಡುವೆ ಇಬ್ಬರು ಆಟಗಾರರ ಹೋಲಿಕೆ ಬಂದಾಗ ಬರುವ ಮೊದಲ ಪ್ರಶ್ನೆಯೇ ಎಷ್ಟು ಮೇಜರ್ ಎಂಬುದು. ದೇಶಗಳ ಹೋಲಿಕೆಗೂ ಅದೇ ಮೊದಲ ಅಳತೆ.

2025ರ ಋತು ಮುಗಿಯುವವರೆಗಿನ ಲೆಕ್ಕದಲ್ಲಿ ದಕ್ಷಿಣ ಆಫ್ರಿಕಾದ ಗಂಡಸರು 22 ಮೇಜರ್ ಗೆದ್ದಿದ್ದಾರೆ, ಆಸ್ಟ್ರೇಲಿಯಾದವರು 17. ಗ್ಯಾರಿ ಪ್ಲೇಯರ್ 9, ಬಾಬಿ ಲಾಕ್ ಮತ್ತು ಎರ್ನಿ ಎಲ್ಸ್ ತಲಾ 4, ರೆಟೀಫ್ ಗೂಸನ್ 2, ಟ್ರೆವರ್ ಇಮ್ಮೆಲ್ಮನ್, ಲೂಯಿ ಊಸ್ಟ್‌ಹೈಜನ್ ಮತ್ತು ಚಾರ್ಲ್ ಶ್ವಾರ್ಟ್ಜೆಲ್ ಒಂದೊಂದು, ಹೀಗೆ ದಕ್ಷಿಣ ಆಫ್ರಿಕಾದ್ದು ಏಳು ಜನರ ಗಳಿಕೆ. ಆಸ್ಟ್ರೇಲಿಯಾದ 17 ಹನ್ನೊಂದು ಜನರಲ್ಲಿ ಹಂಚಿಹೋಗಿದೆ: ಪೀಟರ್ ಥಾಮ್ಸನ್ 5, ಗ್ರೆಗ್ ನಾರ್ಮನ್ ಮತ್ತು ಡೇವಿಡ್ ಗ್ರಹಾಂ ತಲಾ 2, ಉಳಿದ ಎಂಟು ಮಂದಿ ಒಂದೊಂದು. ಪಂದ್ಯಾವಳಿವಾರು ನೋಡಿದರೆ ಬ್ರಿಟಿಷ್ ಓಪನ್‌ನಲ್ಲಿ ಇಬ್ಬರೂ ಸರಿಸಮ, 10ಕ್ಕೆ 10. ಪಿಜಿಎಯಲ್ಲಿ ಆಸ್ಟ್ರೇಲಿಯಾ 4, ದಕ್ಷಿಣ ಆಫ್ರಿಕಾ 2. ವ್ಯತ್ಯಾಸ ಬೀಳುವುದು ಉಳಿದೆರಡು ಕಡೆ: ಯುಎಸ್ ಓಪನ್ 5ಕ್ಕೆ 2, ಮಾಸ್ಟರ್ಸ್ 5ಕ್ಕೆ 1. ಆಗಸ್ಟಾದ ಮೈದಾನವನ್ನು ರೂಪಿಸಿದ ಅಲಿಸ್ಟರ್ ಮೆಕೆಂಜಿ ಅದಕ್ಕೂ ಮೊದಲೇ, 1926ರಲ್ಲಿ, ಮೆಲ್ಬರ್ನ್‌ಗೆ ಬಂದು ಅಲ್ಲಿನ ಮೈದಾನಗಳಿಗೆ ರೂಪ ಕೊಟ್ಟಿದ್ದರು; ಹಾಗಿದ್ದೂ ಒಬ್ಬ ಆಸ್ಟ್ರೇಲಿಯನ್ ಮಾಸ್ಟರ್ಸ್ ಗೆಲ್ಲಲು 2013ರವರೆಗೆ, ಆ್ಯಡಂ ಸ್ಕಾಟ್ ಬರುವವರೆಗೆ, ಕಾಯಬೇಕಾಯಿತು.

ಇಲ್ಲಿಗೇ ನಿಲ್ಲಿಸಿದರೆ ದಕ್ಷಿಣ ಆಫ್ರಿಕಾ ಗೆದ್ದಂತೆ. ಆದರೆ 22 ಎಂಬ ಸಂಖ್ಯೆಯ ಒಳಗೆ ಏನಿದೆ ನೋಡಬೇಕು. ಗಾಲ್ಫ್‌ನ ಅಧಿಕೃತ ವಿಶ್ವ ಶ್ರೇಯಾಂಕ ಶುರುವಾದದ್ದು 1986ರಲ್ಲಿ. ಆಧುನಿಕ ಕಾಲವನ್ನು ಅಲ್ಲಿಂದ ಎಣಿಸುವುದು ಅನುಕೂಲ. ಆ ವರ್ಷದಿಂದ ಈಚೆಗೆ ಎರಡೂ ದೇಶಗಳ ಗಂಡಸರು ಗೆದ್ದದ್ದು ಸರಿಯಾಗಿ ಒಂಬತ್ತೊಂಬತ್ತು ಮೇಜರ್. ಅಂದರೆ ಐದರ ಅಂತರವಿಡೀ 1986ಕ್ಕಿಂತ ಹಿಂದಿನದು, ಆ ಹಿಂದಿನ ಕಾಲದಲ್ಲಿ ದಕ್ಷಿಣ ಆಫ್ರಿಕಾದ ಪರವಾಗಿ ಮೇಜರ್ ಗೆದ್ದವರು ಇಬ್ಬರೇ, ಲಾಕ್ ಮತ್ತು ಪ್ಲೇಯರ್. ಪ್ಲೇಯರ್ ಒಬ್ಬರ ಹೆಸರನ್ನು ತೆಗೆದಿಟ್ಟರೆ 22 ಹೋಗಿ 13 ಆಗುತ್ತದೆ. ಒಬ್ಬ ಮನುಷ್ಯನ ಹೆಗಲ ಮೇಲೆ ನಿಂತ ಅಂತರವನ್ನು ದೇಶವೊಂದು ಆಟಗಾರರನ್ನು ಬೆಳೆಸುವ ಶಕ್ತಿಗೆ ಸಾಕ್ಷಿ ಎಂದು ಕರೆಯಬಹುದೇ ಎಂಬುದು ನನ್ನ ಮೊದಲ ಅನುಮಾನ.

ಹಾಗೆಂದು ಆ ಮನುಷ್ಯನನ್ನು ಕಡಿಮೆ ಅಂದಾಜು ಮಾಡುವಂತಿಲ್ಲ. ಗ್ಯಾರಿ ಪ್ಲೇಯರ್ ಜೋಹಾನ್ಸ್‌ಬರ್ಗ್‌ನ ಚಿನ್ನದ ಗಣಿ ಕಾರ್ಮಿಕನ ಮಗ. ಎಂಟನೆಯ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡವರು. ಆಳೆತ್ತರ ಕಡಿಮೆ ಎಂಬ ಕೊರತೆಯನ್ನು ಕಸರತ್ತಿನಿಂದ ತುಂಬಿಕೊಂಡು, ಗಾಲ್ಫ್ ಆಟಗಾರರು ವ್ಯಾಯಾಮವನ್ನು ಹಾಸ್ಯ ಮಾಡುತ್ತಿದ್ದ ಕಾಲದಲ್ಲಿ ಭಾರ ಎತ್ತುತ್ತಿದ್ದರು. 1965ರ ಯುಎಸ್ ಓಪನ್ ಗೆದ್ದಾಗ ಅವರಿಗೆ 29 ವರ್ಷ. ಅದರೊಂದಿಗೆ ನಾಲ್ಕೂ ಮೇಜರ್‌ಗಳನ್ನು ಒಮ್ಮೆಯಾದರೂ ಗೆದ್ದ ಮೂರನೆಯ ಆಟಗಾರರಾದರು. ಅಮೆರಿಕದ ಹೊರಗಿನವರೊಬ್ಬರು ಮತ್ತೆ ಆ ಸಾಧನೆ ಮಾಡಿದ್ದು 2025ರಲ್ಲಿ, ಉತ್ತರ ಐರ್ಲೆಂಡಿನ ರೋರಿ ಮೆಕ್‌ಇಲ್ರಾಯ್. ಆ 1965ರ ಪಂದ್ಯದಲ್ಲಿ ಇಬ್ಬರ ಹೊಡೆತವೂ ಸಮವಾಗಿ, ಗೆದ್ದವರನ್ನು ತೀರ್ಮಾನಿಸಲು ಆಡಿಸಿದ 18 ಕುಳಿಗಳ ಪ್ಲೇಆಫ್‌ನಲ್ಲಿ ಪ್ಲೇಯರ್ ಸೋಲಿಸಿದ್ದು ಯಾರನ್ನು ಎಂದರೆ ಆಸ್ಟ್ರೇಲಿಯಾದ ಕೆಲ್ ನೇಗಲ್‌ರನ್ನು. ಇನ್ನೊಂದು ವಿಚಿತ್ರವೆಂದರೆ ಆಸ್ಟ್ರೇಲಿಯನ್ ಓಪನ್ ಅನ್ನು ಅತಿ ಹೆಚ್ಚು ಬಾರಿ, ಏಳು ಸಲ, ಗೆದ್ದವರೂ ಇದೇ ಪ್ಲೇಯರ್.

ಪ್ಲೇಯರ್‌ಗಿಂತ ಹಿಂದಿನ ದಶಕವೂ ಈ ಎರಡು ದೇಶಗಳದ್ದೇ. 1949ರಿಂದ 1958ರವರೆಗಿನ ಹತ್ತು ಬ್ರಿಟಿಷ್ ಓಪನ್‌ಗಳಲ್ಲಿ ಎಂಟನ್ನು ಇಬ್ಬರು ಹಂಚಿಕೊಂಡರು: ಬಾಬಿ ಲಾಕ್ ನಾಲ್ಕು, ಪೀಟರ್ ಥಾಮ್ಸನ್ ನಾಲ್ಕು. 1952ರಲ್ಲಿ ಲಾಕ್ ಒಂದು ಹೊಡೆತದಿಂದ ಥಾಮ್ಸನ್‌ರನ್ನು ಹಿಂದಿಕ್ಕಿದರು. 1954ರಲ್ಲಿ ಅದೇ ಒಂದು ಹೊಡೆತದ ಅಂತರದಲ್ಲಿ ಥಾಮ್ಸನ್ ಗೆದ್ದಾಗ ಎರಡನೆಯ ಸ್ಥಾನ ಹಂಚಿಕೊಂಡವರಲ್ಲಿ ಲಾಕ್ ಇದ್ದರು. 1957ರಲ್ಲಿ ಮತ್ತೆ ಲಾಕ್ ಮೇಲು, ಥಾಮ್ಸನ್ ಎರಡನೆಯವರು. ಇದನ್ನು ಓದುವಾಗ ಒಂದು ಎಚ್ಚರ ಇರಬೇಕು. ಆಗ ಅಮೆರಿಕದ ಪ್ರಮುಖ ಆಟಗಾರರು ಅಟ್ಲಾಂಟಿಕ್ ದಾಟಿ ಬ್ರಿಟನ್ನಿಗೆ ಬರುವುದು ಅಪರೂಪವಾಗಿತ್ತು. 1953ರಲ್ಲಿ ಬೆನ್ ಹೋಗನ್ ಒಮ್ಮೆ ಬಂದರು, ಬಂದವರೇ ಗೆದ್ದು ಹೋದರು. ಆದರೆ ಲಾಕ್ ವಿಷಯದಲ್ಲಿ ಈ ಎಚ್ಚರಕ್ಕೆ ಅಷ್ಟು ಬೆಲೆಯಿಲ್ಲ. ಅವರು ಅಮೆರಿಕಕ್ಕೇ ಹೋಗಿ 1947ರಲ್ಲಿ ಒಂದೇ ವರ್ಷ ಆರು ಪಂದ್ಯಾವಳಿ ಗೆದ್ದವರು. 1949ರಲ್ಲಿ ಅಲ್ಲಿನ ಸಂಸ್ಥೆ ಅವರ ಮೇಲೆ ನಿಷೇಧವನ್ನೇ ಹೇರಿತು.

ಮೇಜರ್ ಪಟ್ಟಿಯನ್ನು ಬದಿಗಿಟ್ಟು ವಿಶ್ವ ಶ್ರೇಯಾಂಕದ ಪುಸ್ತಕ ತೆರೆದರೆ ಚಿತ್ರ ತಲೆಕೆಳಗಾಗುತ್ತದೆ. ಎರಡು ವರ್ಷಗಳ ಅವಧಿಯಲ್ಲಿ ಆಡಿದ ಪಂದ್ಯಗಳಿಂದ ಬಂದ ಅಂಕಗಳನ್ನು ಸರಾಸರಿ ಮಾಡಿ, ಇತ್ತೀಚಿನ ಫಲಿತಾಂಶಕ್ಕೆ ಹೆಚ್ಚು ತೂಕ ಕೊಟ್ಟು ಪ್ರತಿ ವಾರ ತಯಾರಾಗುವ ಪಟ್ಟಿ ಇದು. ಒಂದು ಭಾನುವಾರದ ಅದೃಷ್ಟಕ್ಕಿಂತ ನಿರಂತರತೆಯನ್ನು ಅಳೆಯುತ್ತದೆ. ಈ ಪಟ್ಟಿಯ ಮೊದಲ ಸ್ಥಾನದಲ್ಲಿ ಗ್ರೆಗ್ ನಾರ್ಮನ್ 331 ವಾರ ಕೂತಿದ್ದರು, ಟೈಗರ್ ವುಡ್ಸ್ ಒಬ್ಬರು ಮಾತ್ರ ಅದನ್ನು ಮೀರಿಸಿದ್ದಾರೆ. ಜೇಸನ್ ಡೇ 51 ವಾರ, ಆ್ಯಡಂ ಸ್ಕಾಟ್ 11 ವಾರ. ದಕ್ಷಿಣ ಆಫ್ರಿಕಾದಿಂದ ಆ ಸ್ಥಾನ ತಲುಪಿದವರು ಎರ್ನಿ ಎಲ್ಸ್ ಒಬ್ಬರೇ, ಅದೂ ಒಂಬತ್ತು ವಾರ. 393 ಎಲ್ಲಿ, 9 ಎಲ್ಲಿ!

ಆದರೂ ನಾರ್ಮನ್ ಗೆದ್ದ ಮೇಜರ್ ಎರಡೇ, ಎಲ್ಸ್ ಗೆದ್ದದ್ದು ನಾಲ್ಕು. 1986ರಲ್ಲಿ ನಾಲ್ಕೂ ಮೇಜರ್‌ಗಳಲ್ಲಿ ಮೂರನೆಯ ದಿನದ ಕೊನೆಗೆ ಮುಂದಿದ್ದ ನಾರ್ಮನ್ ಕೈಗೆ ದಕ್ಕಿದ್ದು ಬ್ರಿಟಿಷ್ ಓಪನ್ ಒಂದು. ಅದೇ ವರ್ಷದ ಪಿಜಿಎಯಲ್ಲಿ ಕೊನೆಯ ಕುಳಿಯ ಬಳಿ ಬಾಬ್ ಟ್ವೇ ಮರಳಗುಂಡಿಯಿಂದ ಎತ್ತಿ ಹೊಡೆದ ಚೆಂಡು ನೇರ ಕುಳಿಗೆ ಬಿತ್ತು. ಮರುವರ್ಷದ ಮಾಸ್ಟರ್ಸ್ ಪ್ಲೇಆಫ್‌ನಲ್ಲಿ ಲ್ಯಾರಿ ಮೈಜ್ ಗ್ರೀನ್‌ನ (ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗದ) ಹೊರಗಿನಿಂದ ಕುಳಿ ಸೇರಿಸಿದರು. 1996ರ ಮಾಸ್ಟರ್ಸ್‌ನಲ್ಲಿ ಆರು ಹೊಡೆತ ಮುಂದಿದ್ದು ಕೊನೆಯ ದಿನ ಐದು ಹೊಡೆತದಿಂದ ಸೋತರು. ಮೊದಲಿನ ಎರಡನ್ನು ವಿಧಿ ಎನ್ನಬಹುದು. ಮೂರನೆಯದನ್ನು ಹಾಗೆನ್ನಲಾಗದು.

ಎರಡು ದೇಶಗಳ ಈ ವ್ಯತ್ಯಾಸ ಹತ್ತಿರದಿಂದ ಕಾಣಬೇಕಾದರೆ 2012ರ ಬ್ರಿಟಿಷ್ ಓಪನ್‌ನ ಕೊನೆಯ ಒಂದು ಗಂಟೆಯನ್ನು ನೋಡಬೇಕು. ಇಂಗ್ಲೆಂಡಿನ ರಾಯಲ್ ಲಿದಮ್ ಮೈದಾನ, ಸಮುದ್ರದ ಕಡೆಯಿಂದ ಗಾಳಿ. ಆ್ಯಡಂ ಸ್ಕಾಟ್ 14ನೆಯ ಕುಳಿಯಲ್ಲಿ ಬರ್ಡಿ ಹೊಡೆದು ನಾಲ್ಕು ಹೊಡೆತ ಮುಂದಿದ್ದಾರೆ, ಉಳಿದಿರುವುದು ನಾಲ್ಕು ಕುಳಿ. ಪಾರ್‌ಗೆ ಪಾರ್ ಆಡಿದರೆ ಸಾಕಿತ್ತು. 15ರಲ್ಲಿ ಬೋಗಿ. 16ರಲ್ಲಿ ಹತ್ತಿರದ ಚೆಂಡು ಕುಳಿ ತಪ್ಪಿ ಮತ್ತೊಂದು ಬೋಗಿ. 17ರಲ್ಲಿ ಎರಡನೆಯ ಹೊಡೆತ ದಾರಿ ತಪ್ಪಿ ಹುಲ್ಲು ಸೇರಿ ಮೂರನೆಯದು. ದಿನದ ಆರಂಭದಲ್ಲಿ ಆರು ಹೊಡೆತ ಹಿಂದಿದ್ದ 42 ವರ್ಷದ ಎರ್ನಿ ಎಲ್ಸ್ ಅಷ್ಟರಲ್ಲಿ 18ನೆಯ ಕುಳಿಯಲ್ಲಿ ಬರ್ಡಿ ಮುಗಿಸಿ, ಪ್ಲೇಆಫ್ ಆದರೂ ಆಗಬಹುದೆಂದು ಅಭ್ಯಾಸದ ಜಾಗಕ್ಕೆ ಹೋಗಿದ್ದರು. ಪ್ಲೇಆಫ್ ಬೇಕಾಗಲಿಲ್ಲ. 18ರಲ್ಲಿ ಸ್ಕಾಟ್ ಹೊಡೆತ ಮರಳಗುಂಡಿಯ ಗೋಡೆಗೆ ಅಂಟಿಕೊಂಡು ಬಿತ್ತು, ಪಾರ್ ಉಳಿಸುವ ಕೊನೆಯ ಪಟ್ (ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ) ಕುಳಿಯ ಎಡಬದಿಯಲ್ಲಿ ಜಾರಿಹೋಯಿತು, ಎಲ್ಸ್ ಒಂದು ಹೊಡೆತದಿಂದ ಗೆದ್ದರು. ಇದು ಒಂದೇ ಪ್ರಸಂಗವಾಗಿದ್ದರೆ ಬಿಡಬಹುದಿತ್ತು. 2002ರಲ್ಲಿ ಎಲ್ಸ್ ಬ್ರಿಟಿಷ್ ಓಪನ್ ಗೆದ್ದ ನಾಲ್ವರ ಪ್ಲೇಆಫ್‌ನಲ್ಲಿ ಇಬ್ಬರು ಆಸ್ಟ್ರೇಲಿಯನ್ನರಿದ್ದರು. 2011ರ ಮಾಸ್ಟರ್ಸ್‌ನಲ್ಲಿ ಶ್ವಾರ್ಟ್ಜೆಲ್ ಕೊನೆಯ ನಾಲ್ಕು ಕುಳಿಗಳಲ್ಲಿ ನಾಲ್ಕು ಬರ್ಡಿ ಹೊಡೆದು ಗೆದ್ದಾಗ ಎರಡನೆಯ ಸ್ಥಾನ ಹಂಚಿಕೊಂಡವರು ಜೇಸನ್ ಡೇ ಮತ್ತು ಇದೇ ಸ್ಕಾಟ್. ಕೊನೆಯ ಗಂಟೆಯ ಗಟ್ಟಿತನದಲ್ಲಿ ದಕ್ಷಿಣ ಆಫ್ರಿಕಾದ ಕೈ ಮೇಲು ಎಂದು ನಾನು ಒಪ್ಪುತ್ತೇನೆ. ಸ್ಕಾಟ್ ಒಂಬತ್ತು ತಿಂಗಳಲ್ಲಿ ಮಾಸ್ಟರ್ಸ್ ಗೆದ್ದು ತಮ್ಮ ಲೆಕ್ಕ ಚುಕ್ತಾ ಮಾಡಿಕೊಂಡರು ಎಂಬುದನ್ನೂ ಸೇರಿಸಬೇಕು.

ಇಲ್ಲಿಯವರೆಗಿನದು ಗಂಡಸರ ಲೆಕ್ಕ. ಇಂಥ ಚರ್ಚೆಗಳು ಸಾಮಾನ್ಯವಾಗಿ ಇಲ್ಲಿಗೇ ಮುಗಿದುಹೋಗುತ್ತವೆ, ಅರ್ಧ ಜನಸಂಖ್ಯೆಯನ್ನು ಬಿಟ್ಟು. ಮಹಿಳೆಯರ ಮೇಜರ್‌ಗಳಲ್ಲಿ ಆಸ್ಟ್ರೇಲಿಯಾದ ಗಳಿಕೆ 15: ಕ್ಯಾರಿ ವೆಬ್ 7, ಜ್ಯಾನ್ ಸ್ಟೀಫನ್‌ಸನ್ 3, ಮಿಂಜಿ ಲೀ 3, ಹನ್ನಾ ಗ್ರೀನ್ ಮತ್ತು ಗ್ರೇಸ್ ಕಿಮ್ ಒಂದೊಂದು. ದಕ್ಷಿಣ ಆಫ್ರಿಕಾದ್ದು 3: ಸ್ಯಾಲಿ ಲಿಟಲ್ 1980 ಮತ್ತು 1988ರಲ್ಲಿ, ಆಶ್ಲಿ ಬುಹಾಯ್ 2022ರಲ್ಲಿ. ಅಲ್ಲಿಗೆ ಒಟ್ಟು 32ಕ್ಕೆ 25 ಆಗಿ, ಐದು ಹಿಂದಿದ್ದ ಆಸ್ಟ್ರೇಲಿಯಾ ಏಳು ಮುಂದೆ ಬರುತ್ತದೆ.

ಇದರಲ್ಲಿ ಸಂಖ್ಯೆಗಿಂತ ಹೆಚ್ಚಿನ ವಿಷಯವೊಂದಿದೆ. ಕ್ಯಾರಿ ವೆಬ್ ಉತ್ತರ ಕ್ವೀನ್ಸ್‌ಲ್ಯಾಂಡಿನ ಏರ್ ಎಂಬ, ಸುತ್ತ ಕಬ್ಬಿನ ಗದ್ದೆಗಳಿರುವ ಸಣ್ಣ ಊರಿನವರು. ಸ್ವತಃ ಬೆಳೆದ ಮೇಲೆ ಅವರು 2008ರಿಂದ ತಮ್ಮ ಹೆಸರಿನಲ್ಲಿ ಎಳೆಯ ಆಸ್ಟ್ರೇಲಿಯನ್ ಆಟಗಾರ್ತಿಯರಿಗೆ ವಿದ್ಯಾರ್ಥಿವೇತನ ಕೊಡುತ್ತಾ ಬಂದರು. ಹಣವಷ್ಟೇ ಅಲ್ಲದೆ ಅಮೆರಿಕದ ಮೇಜರ್ ನಡೆಯುವ ವಾರ ಅವರನ್ನು ತಮ್ಮೊಂದಿಗೆ ಉಳಿಸಿಕೊಂಡು ವೃತ್ತಿಪರ ಆಟಗಾರ್ತಿಯ ದಿನಚರಿ ಹೇಗಿರುತ್ತದೆಂದು ತೋರಿಸುವ ಏರ್ಪಾಟು ಅದು. ಆ ವಿದ್ಯಾರ್ಥಿವೇತನ ಪಡೆದ ಹನ್ನಾ ಗ್ರೀನ್ 2019ರಲ್ಲಿ ಮಹಿಳೆಯರ ಪಿಜಿಎ ಗೆದ್ದಾಗ ವೆಬ್ ಅಲ್ಲಿಯೇ ಇದ್ದರು. ಅದನ್ನೇ ಪಡೆದ ಗ್ರೇಸ್ ಕಿಮ್ 2025ರಲ್ಲಿ ಎವಿಯಾನ್ ಎಂಬ ಮೇಜರ್ ಗೆದ್ದರು. ಒಬ್ಬ ಮಹಾ ಆಟಗಾರ್ತಿ ಹುಟ್ಟುವುದು ಅದೃಷ್ಟವಿರಬಹುದು, ಆಕೆಯ ನಂತರದ ಸಾಲು ಕಟ್ಟಿದ್ದು ಮಾತ್ರ ಉದ್ದೇಶಪೂರ್ವಕ ಕೆಲಸ.

ಒಟ್ಟು ಗಳಿಕೆಯನ್ನು ಜನಸಂಖ್ಯೆಯ ಎದುರಿಗಿಟ್ಟು ನೋಡುವುದು ಮುಂದಿನ ಹೆಜ್ಜೆ. ನಮ್ಮ ಮೆಕ್ಕೆಜೋಳದ ಸೀಮೆಯಲ್ಲಿ ಒಬ್ಬ ರೈತನ ಬೆಳೆ ಹೇಗೆ ಬಂತೆಂದು ತಿಳಿಯಬೇಕಾದರೆ ಎಪಿಎಂಸಿ ಯಾರ್ಡಿನ ಹಿರಿಯರು ಹೇಳುವುದಿಷ್ಟೇ: "ಒಟ್ಟು ಎಷ್ಟು ಲೋಡು ಹೋತು ಅಂತ ಕೇಳಬ್ಯಾಡ್ರೀ, ಎಕರೆಗೆ ಎಷ್ಟು ಕ್ವಿಂಟಲ್ ಬಂತು ಅಂತ ಕೇಳ್ರೀ." ಆಸ್ಟ್ರೇಲಿಯಾದ ಜನಸಂಖ್ಯೆ ಸುಮಾರು 2.7 ಕೋಟಿ, ದಕ್ಷಿಣ ಆಫ್ರಿಕಾದ್ದು 6.2 ಕೋಟಿ. ಹಾಗೆ ನೋಡಿದರೆ ಆಸ್ಟ್ರೇಲಿಯಾದ ಇಳುವರಿ ಎಷ್ಟೋ ಪಾಲು ಹೆಚ್ಚು. ಆದರೆ ದಕ್ಷಿಣ ಆಫ್ರಿಕಾದಲ್ಲಿ ಬಿತ್ತನೆಯಾದದ್ದೇ ಹೊಲದ ಒಂದು ಮೂಲೆಯಲ್ಲಿ. ಅದರ ಮೇಜರ್ ವಿಜೇತರೆಲ್ಲರೂ, ಗಂಡಸರು ಮತ್ತು ಹೆಂಗಸರು ಸೇರಿ ಒಂಬತ್ತೂ ಜನ, ಬಿಳಿಯರು. 2022ರ ಜನಗಣತಿಯ ಪ್ರಕಾರ ಬಿಳಿಯರು ಅಲ್ಲಿನ ಜನಸಂಖ್ಯೆಯಲ್ಲಿ ನೂರಕ್ಕೆ 7ರಷ್ಟು, ಅಂದಾಜು 45 ಲಕ್ಷ. ಅಷ್ಟು ಸಣ್ಣ ಸಮುದಾಯದಿಂದ 25 ಮೇಜರ್ ಬಂದದ್ದು ಬೆರಗಿನ ಸಂಗತಿ. ಅದೇ ವಾಕ್ಯವನ್ನು ತಿರುಗಿಸಿ ಓದಿದರೆ, ಉಳಿದ ನೂರಕ್ಕೆ 93 ಜನರಿಂದ ಒಂದೂ ಬಾರದಿದ್ದುದು ನಾಚಿಕೆಯ ಸಂಗತಿ.

ಹೊಲದ ಉಳಿದ ಭಾಗ ಬಂಜರಾಗಿರಲಿಲ್ಲ ಎಂಬುದಕ್ಕೆ ಒಬ್ಬರ ಹೆಸರು ಸಾಕು. 1860ರಿಂದ ಮದ್ರಾಸು ಮತ್ತು ಕಲ್ಕತ್ತಾ ಬಂದರುಗಳಿಂದ ನಟಾಲ್‌ನ ಕಬ್ಬಿನ ತೋಟಗಳಿಗೆ ಹಡಗು ಹತ್ತಿದ ಭಾರತೀಯ ಕೂಲಿಗಳ ವಂಶದಲ್ಲಿ, ಡರ್ಬನ್ ನಗರದಲ್ಲಿ ಹುಟ್ಟಿದ ಸ್ಯೂಸಂಕರ್ ಸ್ಯೂಗೋಲಮ್ ಅವರನ್ನು ಎಲ್ಲರೂ ಪಾಪ್ವಾ ಎಂದೇ ಕರೆಯುತ್ತಿದ್ದರು. ಬಿಳಿಯರ ಮೈದಾನದಲ್ಲಿ ಅವರ ಚೀಲ ಹೊರುವ ಕ್ಯಾಡಿಯಾಗಿ ಆಟ ಕಲಿತವರು. ಕಲಿಸುವವರಿಲ್ಲದ್ದರಿಂದ ಕೋಲು ಹಿಡಿಯುವ ಕೈಗಳೇ ಅದಲುಬದಲು: ಬಲಗೈಯವರು ಎಡಗೈ ಮೇಲಿಟ್ಟು ಬಲಗೈ ಕೆಳಗಿಟ್ಟು ಹಿಡಿಯುವುದು ರೂಢಿ, ಪಾಪ್ವಾ ಬಲಗೈಯನ್ನು ಮೇಲಿಟ್ಟು ಹಿಡಿಯುತ್ತಿದ್ದರು. ಆ ಹಿಡಿತದಲ್ಲಿಯೇ 1959, 1960 ಮತ್ತು 1964ರಲ್ಲಿ ಡಚ್ ಓಪನ್ ಗೆದ್ದರು. 1963ರಲ್ಲಿ ತವರಿನ ನಟಾಲ್ ಓಪನ್ ಗೆದ್ದಾಗ ಮಳೆ ಬರುತ್ತಿತ್ತು. ಆಗಿನ ವರ್ಣಭೇದ ನೀತಿಯಲ್ಲಿ ಕ್ಲಬ್ಬಿನ ಕಟ್ಟಡದೊಳಗೆ ಬಿಳಿಯರಲ್ಲದವರಿಗೆ ಪ್ರವೇಶವಿರಲಿಲ್ಲವಾದ್ದರಿಂದ ಅವರು ಮಳೆಯಲ್ಲಿ ಹೊರಗೆ ನಿಂತು ಟ್ರೋಫಿ ಪಡೆದರು. ಆ ಚಿತ್ರ ಜಗತ್ತಿನ ಪತ್ರಿಕೆಗಳಲ್ಲಿ ಬಂತು. 1965ರಲ್ಲಿ ಅದೇ ನಟಾಲ್ ಓಪನ್‌ನಲ್ಲಿ ಅವರು ಗ್ಯಾರಿ ಪ್ಲೇಯರ್‌ರನ್ನೇ ಹಿಂದಿಕ್ಕಿ ಗೆದ್ದರು. ಅದು ಪ್ಲೇಯರ್ ನಾಲ್ಕನೆಯ ಮೇಜರ್ ಗೆದ್ದು ದಾಖಲೆ ಬರೆದ ವರ್ಷ. ಅದರ ಬೆನ್ನಿಗೇ ಸರ್ಕಾರ ಪಾಪ್ವಾ ಅವರಿಗೆ ಬಿಳಿಯರೊಂದಿಗೆ ಆಡುವ ಪರವಾನಗಿ ನಿರಾಕರಿಸಿತು, ವಿದೇಶ ಪ್ರಯಾಣಕ್ಕೂ ತಡೆ ಬಿತ್ತು. 1976ರಲ್ಲಿ ಫ್ರೆಂಚ್ ಓಪನ್ ಗೆದ್ದ ಕಪ್ಪು ಆಟಗಾರ ವಿನ್ಸೆಂಟ್ ಶಬಲಾಲಾ ಅವರ ಕಥೆಯೂ ಇದೇ ಬಗೆಯದು. ಆಟಗಾರರನ್ನು ಬೆಳೆಸುವುದರಲ್ಲಿ ಯಾರು ಮೇಲೆಂದು ಕೇಳುವಾಗ, ಬೆಳೆದು ನಿಂತವರನ್ನು ಕಿತ್ತ ಲೆಕ್ಕವನ್ನೂ ಸೇರಿಸಬೇಕು ಎಂಬುದು ನನ್ನ ನಿಲುವು.

ಇನ್ನು ಕಾರಣಗಳಿಗೆ ಬರೋಣ. ಎರಡೂ ಕಡೆ ಬ್ರಿಟಿಷರು ಬಂದಲ್ಲಿ ಗಾಲ್ಫ್ ಬಂತು: ಕೇಪ್‌ಟೌನ್‌ನಲ್ಲಿ ರಾಯಲ್ ಕೇಪ್ 1885ರಲ್ಲಿ, ರಾಯಲ್ ಮೆಲ್ಬರ್ನ್ 1891ರಲ್ಲಿ. ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು, ಈ ಎರಡಕ್ಕೂ ಹಿರಿಯ ಎಂಬುದನ್ನು ನೆನೆದರೆ ಹಳೆಯ ಕ್ಲಬ್ ಇದ್ದಮಾತ್ರಕ್ಕೆ ಮೇಜರ್ ಬರುವುದಿಲ್ಲ ಎಂದು ಗೊತ್ತಾಗುತ್ತದೆ. ಆಟಕ್ಕೆ ಬೇಕಾದದ್ದು ಮುಖ್ಯವಾಗಿ ಜಾಗ. 18 ಕುಳಿಯ ಒಂದು ಮೈದಾನಕ್ಕೆ 120ರಿಂದ 150 ಎಕರೆ ಬೇಕು, ವರ್ಷವಿಡೀ ಅದಕ್ಕೆ ನೀರು ಬೇಕು; ಭದ್ರಾ ನಾಲೆಯ ಕೊನೆ ಭಾಗಕ್ಕೆ ನೀರು ತಲುಪಲಿಲ್ಲವೆಂದು ರೈತರು ಹೆದ್ದಾರಿಗೆ ಇಳಿಯುವ ನಮ್ಮ ಜಿಲ್ಲೆಯಲ್ಲಿ ಅಂಥದೊಂದನ್ನು ಊಹಿಸುವುದೂ ಕಷ್ಟ. ವಿಸ್ತಾರವಾದ ಭೂಮಿ, ಚಳಿಗಾಲದಲ್ಲೂ ಹಿಮ ಬೀಳದ ಊರುಗಳು, ಹುಡುಗರಿಗೆ ಹನ್ನೆರಡು ತಿಂಗಳೂ ಆಡುವ ಅವಕಾಶ, ಇವು ಎರಡೂ ದೇಶಗಳಿಗೆ ಸಮಾನ.

ಮಣ್ಣಿನಲ್ಲಿ ಮಾತ್ರ ಭೇದವಿದೆ. ಮೆಲ್ಬರ್ನ್‌ನ ಆಗ್ನೇಯಕ್ಕೆ ಮರಳುಮಣ್ಣಿನ ಪಟ್ಟಿಯೊಂದು ಹಬ್ಬಿದೆ, ರಾಯಲ್ ಮೆಲ್ಬರ್ನ್, ಕಿಂಗ್‌ಸ್ಟನ್ ಹೀತ್ ಮುಂತಾದ ಹೆಸರಾಂತ ಮೈದಾನಗಳು ಇರುವುದು ಅಲ್ಲಿ. ಎರೆಭೂಮಿಯಂತೆ ಮಳೆಗೆ ಅಂಟಾಗದೆ, ಬಿಸಿಲಿಗೆ ಬಿರಿಯದೆ, ನೀರು ತಕ್ಷಣ ಇಂಗಿ ನೆಲ ಗಟ್ಟಿಯಾಗಿಯೇ ಉಳಿಯುವುದರಿಂದ ಗ್ರೀನ್ ಮೇಲೆ ನೇರ ಬಿದ್ದ ಚೆಂಡು ನಿಲ್ಲದೆ ಆಚೆ ಉರುಳಿಹೋಗುತ್ತದೆ. ಹೀಗಾಗಿ ಎಲ್ಲಿ ಬೀಳಿಸಿದರೆ ಎಲ್ಲಿಗೆ ಉರುಳೀತು ಎಂಬ ಅಂದಾಜು ಅಲ್ಲಿನ ಹುಡುಗರಿಗೆ ಚಿಕ್ಕಂದಿನಲ್ಲೇ ಬರುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ಕಂಡವರಿಗೆ ಗಾಳಿಯ ಎದುರು ಎತ್ತರಕ್ಕೆ ಹೊಡೆದ ಚೆಂಡಿನ ಗತಿ ಏನಾಗುತ್ತದೆಂದು ವಿವರಿಸಬೇಕಿಲ್ಲ. ಮೆಲ್ಬರ್ನ್ ಮತ್ತು ಪರ್ತ್‌ಗಳಲ್ಲಿ ಗಾಳಿಯ ಅಡಿಯಲ್ಲಿ ತಗ್ಗಾಗಿ ಹೊಡೆಯುವುದು ಮೊದಲ ಪಾಠ. ಬ್ರಿಟಿಷ್ ಓಪನ್‌ನ ಕಡಲತೀರದ ಮೈದಾನಗಳಿಗೆ ಬೇಕಾದದ್ದೂ ಇದೇ. ದಕ್ಷಿಣ ಆಫ್ರಿಕಾದ ಒಳನಾಡು ಇದಕ್ಕೆ ಭಿನ್ನ. ಜೋಹಾನ್ಸ್‌ಬರ್ಗ್ ಸಮುದ್ರಮಟ್ಟದಿಂದ ಸುಮಾರು 1,750 ಮೀಟರ್ ಎತ್ತರದಲ್ಲಿದೆ, ತೆಳುಗಾಳಿಯಲ್ಲಿ ಚೆಂಡು ದೂರ ಹೋಗುತ್ತದೆ. ಕಿಕುಯು ಎಂಬ ದಟ್ಟ ಹುಲ್ಲು ಗ್ರೀನ್ ಸುತ್ತ ಚೆಂಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಸರಾಗ ಬೀಸು, ಉದ್ದ ಹೊಡೆತ, ಗ್ರೀನ್ ಬಳಿ ನಾಜೂಕಿನ ಕೈ: ಎಲ್ಸ್, ಗೂಸನ್, ಊಸ್ಟ್‌ಹೈಜನ್ ಮೂವರಲ್ಲೂ ಕಾಣುವ ಗುಣಗಳು ಇವು.

ಸಂಸ್ಥೆಗಳ ವಿಷಯದಲ್ಲಿ ಆಸ್ಟ್ರೇಲಿಯಾ ಸರ್ಕಾರದ ಹಣ ಮತ್ತು ಕ್ಲಬ್ಬುಗಳ ನಡುವಿನ ಪೆನೆಂಟ್ ಪಂದ್ಯಗಳನ್ನು ನಂಬಿದೆ. 1981ರಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಮಾದರಿ ರಾಜ್ಯಗಳಿಗೂ ಹಬ್ಬಿತು. ದಕ್ಷಿಣ ಆಫ್ರಿಕಾದಲ್ಲಿ ಆ ಭಾರವನ್ನು ಹೆಚ್ಚಾಗಿ ಖಾಸಗಿಯವರು ಹೊತ್ತರು. ಎಲ್ಸ್ 1999ರಲ್ಲಿ ಹುಟ್ಟುಹಾಕಿದ ಪ್ರತಿಷ್ಠಾನದಿಂದ ಬಂದವರೇ ಊಸ್ಟ್‌ಹೈಜನ್. ಆದರೆ ದಕ್ಷಿಣ ಆಫ್ರಿಕಾಕ್ಕೆ ಒಂದು ದೊಡ್ಡ ಅನುಕೂಲವಿದೆ, ಅದು ಭೂಪಟದ್ದು. ಯೂರೋಪಿನ ಗಡಿಯಾರಕ್ಕೂ ಅದರ ಗಡಿಯಾರಕ್ಕೂ ಹೆಚ್ಚು ಅಂತರವಿಲ್ಲ, ಒಂದು ರಾತ್ರಿಯ ವಿಮಾನದಲ್ಲಿ ತಲುಪಬಹುದು. ಹೀಗಾಗಿ ಯೂರೋಪಿನ ವೃತ್ತಿಪರ ಸರಣಿಯ ಹಲವು ಪಂದ್ಯಾವಳಿಗಳು ಅಲ್ಲಿಯೇ ನಡೆಯುತ್ತವೆ, ಸ್ಥಳೀಯ ಹುಡುಗನೊಬ್ಬ ಮನೆಯಲ್ಲಿ ಊಟ ಮಾಡಿಕೊಂಡೇ ಯೂರೋಪಿನ ಆಟಗಾರರೆದುರು ಆಡಿ ಆ ಸರಣಿಯಲ್ಲಿ ಆಡುವ ಪರವಾನಗಿ ಗಿಟ್ಟಿಸಿಕೊಳ್ಳಬಹುದು. ಆಸ್ಟ್ರೇಲಿಯಾದ ಹುಡುಗನಿಗೆ ಅಂಥ ಅವಕಾಶಗಳು ಕಡಿಮೆ, ಬೇಗನೆ ಊರು ಬಿಡಬೇಕು.

ತಂಡವಾಗಿ ಆಡಿದಾಗ ಇಬ್ಬರೂ ಸಮ. ಗಾಲ್ಫ್ ವಿಶ್ವಕಪ್ಪನ್ನು ಎರಡೂ ದೇಶಗಳು ಐದೈದು ಬಾರಿ ಗೆದ್ದಿವೆ. ಅಮೆರಿಕದ ವಿರುದ್ಧದ ಪ್ರೆಸಿಡೆಂಟ್ಸ್ ಕಪ್‌ನಲ್ಲಿ ಇವರು ಒಂದೇ ತಂಡದವರು. ಆ ತಂಡದ ಏಕೈಕ ಗೆಲುವು 1998ರಲ್ಲಿ ರಾಯಲ್ ಮೆಲ್ಬರ್ನ್‌ನಲ್ಲಿ, ಥಾಮ್ಸನ್ ನಾಯಕತ್ವದಲ್ಲಿ ಬಂತು. ಏಕೈಕ ಟೈ 2003ರಲ್ಲಿ ದಕ್ಷಿಣ ಆಫ್ರಿಕಾದ ಫ್ಯಾನ್‌ಕೋರ್ಟ್‌ನಲ್ಲಿ, ಪ್ಲೇಯರ್ ನಾಯಕತ್ವದಲ್ಲಿ. ಭಾರತದ ಗಾಲ್ಫ್‌ನಲ್ಲಿಯೂ ಇಬ್ಬರ ಗುರುತುಗಳಿವೆ. 1964ರ ಮೊದಲ ಇಂಡಿಯನ್ ಓಪನ್ ಗೆದ್ದವರು ಥಾಮ್ಸನ್. ದೆಹಲಿ ಗಾಲ್ಫ್ ಕ್ಲಬ್ಬಿನ ಮೈದಾನವನ್ನು 1970ರ ದಶಕದಲ್ಲಿ ಅವರು ಮರುರೂಪಿಸಿದರೆ, 2019ರಲ್ಲಿ ಅದನ್ನೇ ಮತ್ತೆ ಬದಲಿಸಿದವರು ಪ್ಲೇಯರ್.

ಇಷ್ಟನ್ನೂ ಮುಂದಿಟ್ಟುಕೊಂಡು ನನ್ನ ತೀರ್ಮಾನ ಹೇಳುವುದಾದರೆ, ಸಾರ್ವಕಾಲಿಕವಾಗಿ ಅತ್ಯುತ್ತಮನಾದ ಒಬ್ಬ ಗಂಡಸು ಆಟಗಾರನನ್ನು ಕೊಟ್ಟದ್ದು ದಕ್ಷಿಣ ಆಫ್ರಿಕಾ, ಮೇಜರ್‌ನ ಕೊನೆಯ ದಿನ ನನ್ನ ಪರವಾಗಿ ಆಡಲು ಒಬ್ಬರನ್ನು ಆರಿಸಬೇಕಾದರೆ ಅಲ್ಲಿಂದಲೇ ಆರಿಸುತ್ತೇನೆ. ಆದರೆ ಪ್ರಶ್ನೆ ಬೆಳೆಸುವುದರ ಬಗ್ಗೆ ಇರುವಾಗ ಉತ್ತರ ಆಸ್ಟ್ರೇಲಿಯಾ: ಹೆಚ್ಚು ಜನರಿಂದ, ಹೆಂಗಸರಿಂದಲೂ ಗಂಡಸರಿಂದಲೂ, ವಲಸೆ ಬಂದವರ ಮಕ್ಕಳಿಂದಲೂ ಅದು ವಿಜೇತರನ್ನು ಪಡೆದಿದೆ. ಪರ್ತ್‌ನಲ್ಲಿ ಕೊರಿಯನ್ ದಂಪತಿಗೆ ಹುಟ್ಟಿದ ಮಿಂಜಿ ಲೀ, ಫಿಲಿಪ್ಪೀನ್ಸ್ ಮೂಲದ ತಾಯಿಯ ಮಗ ಜೇಸನ್ ಡೇ ಇದಕ್ಕೆ ಸಾಕ್ಷಿ.

ಈ ತೀರ್ಮಾನದ ಅಂಚಿನಲ್ಲಿ ಕೆಲವು ಹೆಸರುಗಳು ಎರಡೂ ಕಡೆ ಜಗ್ಗುತ್ತವೆ. 1947ರಲ್ಲಿ ಪಿಜಿಎ ಗೆದ್ದ ಜಿಮ್ ಫೆರಿಯರ್ ಆಸ್ಟ್ರೇಲಿಯಾದವರೇ, ಆದರೆ ಅಷ್ಟರಲ್ಲಿ ಅಮೆರಿಕದ ಪ್ರಜೆಯಾಗಿದ್ದರಿಂದ ಮೇಲಿನ 17ರಲ್ಲಿ ಅವರನ್ನು ಸೇರಿಸಿಲ್ಲ. ಅದೇ ನಿಯಮವನ್ನು ಕಟ್ಟುನಿಟ್ಟಾಗಿ ಹಿಡಿದರೆ 1982ರಲ್ಲಿ ಅಮೆರಿಕದ ಪ್ರಜೆಯಾದ ಸ್ಯಾಲಿ ಲಿಟಲ್ ಅವರ ಎರಡನೆಯ ಮೇಜರ್ ದಕ್ಷಿಣ ಆಫ್ರಿಕಾದ ಲೆಕ್ಕದಿಂದ ಹೋಗುತ್ತದೆ. ಮೂರು ಮೇಜರ್ ಗೆದ್ದ ನಿಕ್ ಪ್ರೈಸ್ ಹುಟ್ಟಿದ್ದು ಡರ್ಬನ್‌ನಲ್ಲಿ, ಆಡಿದ್ದು ಜಿಂಬಾಬ್ವೆಯ ಪರವಾಗಿ. 2003ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ವಿಶ್ವಕಪ್ ಗೆದ್ದುಕೊಟ್ಟ ಇಬ್ಬರಲ್ಲಿ ಒಬ್ಬರಾದ ರೋರಿ ಸಬ್ಬಾಟಿನಿ ಟೋಕಿಯೊದಲ್ಲಿ ಬೆಳ್ಳಿ ಗೆದ್ದದ್ದು ಸ್ಲೊವಾಕಿಯಾದ ಹೆಸರಿನಲ್ಲಿ. ಇವರೆಲ್ಲರಿಗಿಂತ ಕುತೂಹಲದ ಪ್ರಕರಣ ಈಗಿನ ಹುಡುಗ ಆಲ್ಡ್ರಿಚ್ ಪೊಟ್ಗೀಟರ್ ಅವರದ್ದು. ಪ್ರಿಟೋರಿಯಾದಲ್ಲಿ ಹುಟ್ಟಿ, ಎಂಟನೆಯ ವಯಸ್ಸಿಗೆ ಕುಟುಂಬದೊಂದಿಗೆ ಪರ್ತ್‌ಗೆ ಹೋಗಿ, ಅಲ್ಲಿ ಆಟ ಕಲಿತು, ಹದಿನೇಳರ ಹೊತ್ತಿಗೆ ತವರಿಗೆ ಮರಳಿದವರು. ಆ ವಯಸ್ಸಿಗೇ, 2022ರಲ್ಲಿ, ಬ್ರಿಟಿಷ್ ಅಮೆಚೂರ್ ಪ್ರಶಸ್ತಿ ಗೆದ್ದರು. ಗೆದ್ದದ್ದು ಸ್ಕಾಟ್ ಸೋತ ಅದೇ ಲಿದಮ್‌ನಲ್ಲಿ. 2025ರಲ್ಲಿ ಅಮೆರಿಕದ ವೃತ್ತಿಪರ ಸರಣಿಯಾದ ಪಿಜಿಎ ಟೂರ್‌ನ ಪಂದ್ಯಾವಳಿಯೊಂದನ್ನೂ ಗೆದ್ದಿದ್ದಾರೆ. ಅವರ ಹೆಸರಿನ ಮುಂದಿರುವ ಬಾವುಟ ದಕ್ಷಿಣ ಆಫ್ರಿಕಾದ್ದು; ನಾಳೆ ಅವರೊಂದು ಮೇಜರ್ ಗೆದ್ದರೆ ಅಧಿಕೃತ ಪಟ್ಟಿಯಲ್ಲಿ 22 ಹೋಗಿ 23 ಆಗುತ್ತದೆ. ನನ್ನ ಪಟ್ಟಿಯಲ್ಲಿ ಮಾತ್ರ ಎಂಟರಿಂದ ಹದಿನೇಳರವರೆಗಿನ ಆ ವರ್ಷಗಳನ್ನು ಪರ್ತ್‌ನ ಖಾತೆಗೆ ಬರೆಯುತ್ತೇನೆ.